ದಾಭೋಳಕ್ಕೆ ಹಡಗಿನಲ್ಲಿ ಬರುವ ಶೇಲ್ ಅನಿಲ ಪುಣೆಯ ನೆಲದಡಿ ಏಕಿಲ್ಲ? ಕರ್ನಾಟಕದಲ್ಲಿ ಇದೆಯೇ?

2018ರ ಮಾರ್ಚ್ 30ರಂದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ 'ಮೆರಿಡಿಯನ್ ಸ್ಪಿರಿಟ್' ಎಂಬ ಹಡಗು ಬಂದು ನಿಂತಿತು. ಅದರ ಹೊಟ್ಟೆಯಲ್ಲಿದ್ದದ್ದು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ. ತುಂಬಿಸಿದ್ದು ಅಮೆರಿಕದ ಲೂಸಿಯಾನಾ ರಾಜ್ಯದ ಸಬೀನ್ ಪಾಸ್‌ನಲ್ಲಿ. ಸರ್ಕಾರಿ ಸ್ವಾಮ್ಯದ ಗೇಲ್ ಕಂಪನಿ 2011ರ ಡಿಸೆಂಬರ್‌ನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಅಲ್ಲಿಂದ ವರ್ಷಕ್ಕೆ 35 ಲಕ್ಷ ಟನ್ ಅನಿಲ 20 ವರ್ಷಗಳ ಕಾಲ ಬರಬೇಕು. ಅದರ ಮೊದಲ ಕಂತು ಈ ಹಡಗು.

ಅಮೆರಿಕದಲ್ಲಿ ಇಂದು ಉತ್ಪಾದನೆಯಾಗುವ ನೈಸರ್ಗಿಕ ಅನಿಲದ ಮುಕ್ಕಾಲು ಭಾಗಕ್ಕೂ ಹೆಚ್ಚು ಸಿಗುವುದು ಶೇಲ್ ಎಂಬ ಕಲ್ಲಿನಿಂದ. ಅಂದರೆ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಕೊಂಕಣಕ್ಕೆ ಬರುತ್ತಿರುವುದು ಬಹುಪಾಲು ಕಲ್ಲು ಒಡೆದು ತೆಗೆದ ಅನಿಲ. ದಾಭೋಳದಿಂದ ಒಂದು ಕೊಳವೆ ಮಾರ್ಗ ಪನವೇಲ್ ಕಡೆಗೆ ಹೋಗುತ್ತದೆ. 2013ರಲ್ಲಿ ಚಾಲನೆಗೊಂಡ ಇನ್ನೊಂದು ಮಾರ್ಗ ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದು ಬೆಂಗಳೂರಿಗೆ ಬರುತ್ತದೆ. ಪುಣೆ, ಪಿಂಪ್ರಿ-ಚಿಂಚ್‌ವಾಡದಲ್ಲಿ ಮನೆಮನೆಗೆ ಕೊಳವೆ ಅನಿಲ ಕೊಡುವ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಲಿಮಿಟೆಡ್ ಕಂಪನಿ ನಮ್ಮ ರಾಮನಗರದಲ್ಲೂ ಇದೆ. ಅಡುಗೆಮನೆಗೆ ದೇಶಿ ಅನಿಲವನ್ನೇ ಮೊದಲು ಹಂಚಬೇಕೆಂಬ ನಿಯಮವಿದೆ, ಸರಿ. ಆದರೆ ಕೊಳವೆಯೊಳಗೆ ಸೇರಿದ ಮೇಲೆ ದೇಶಿ ಯಾವುದು, ವಿದೇಶಿ ಯಾವುದು ಎಂದು ಬೇರ್ಪಡಿಸುವವರಿಲ್ಲ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಆಮದಿನದು.

ಹಾಗಾದರೆ ಸಹಜವಾಗಿ ಏಳುವ ಪ್ರಶ್ನೆ: ಶೇಲ್ ಕಲ್ಲು ನಮ್ಮಲ್ಲೂ ಇದೆಯಲ್ಲ, ಅನಿಲ ಏಕೆ ತೆಗೆಯುತ್ತಿಲ್ಲ? ಉತ್ತರಕ್ಕೆ ಕಲ್ಲಿನಿಂದಲೇ ಶುರು ಮಾಡಬೇಕು.

ಶೇಲ್ ಎಂದರೆ ಯಾವ ಕಲ್ಲು?

ಕೆರೆಯ ತಳದಲ್ಲಿ ಕೂತ ಹೂಳು ನೋಡಿದ್ದೀರಲ್ಲ, ಶೇಲ್‌ನ ಕಥೆ ಅಲ್ಲಿಂದ ಆರಂಭ. ನದಿ ತರುವ ಜಲ್ಲಿ, ಮರಳು ದಡದ ಹತ್ತಿರವೇ ಇಳಿದುಬಿಡುತ್ತವೆ. ಅತಿ ನುಣುಪಾದ ಜೇಡಿಮಣ್ಣು ಮಾತ್ರ ನೀರಿನಲ್ಲಿ ತೇಲುತ್ತ ದೂರ ಹೋಗಿ ಅಲೆಯಿಲ್ಲದ, ಅಲುಗಾಟವಿಲ್ಲದ ಜಾಗದಲ್ಲಿ ನಿಧಾನ ಕೂರುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಲಕ್ಷಾಂತರ ವರ್ಷ ಹೀಗೆ ನಡೆದು ಮೇಲಿನ ಭಾರಕ್ಕೆ ನೀರು ಹಿಂಡಿಹೋಗಿ ಉಳಿಯುವ ತೆಳು ಪದರಗಳ ಕಲ್ಲೇ ಶೇಲ್. ಹಾಳೆ ಹಾಳೆಯಾಗಿ ಸೀಳುವುದು ಇದರ ಗುರುತು.

ಹೂಳು ಸಾವಿರಾರು ಮೀಟರ್ ದಪ್ಪಕ್ಕೆ ಕೂರಬೇಕಾದರೆ ನೆಲವೂ ಜೊತೆಜೊತೆಗೆ ಕುಸಿಯುತ್ತ ಹೋಗಬೇಕು. ಹಾಗೆ ಬೋಗುಣಿಯಂತೆ ತಗ್ಗಾಗಿ ಜಲಜ ಶಿಲೆಗಳಿಂದ ತುಂಬಿಕೊಂಡ ಪ್ರದೇಶಕ್ಕೆ ಬೇಸಿನ್ ಎನ್ನುತ್ತಾರೆ. ಸುದ್ದಿಗಳಲ್ಲಿ ನೀವು ಓದುವ 'ಕೆ.ಜಿ. ಬೇಸಿನ್' ಎಂಬುದೂ ಕೃಷ್ಣಾ-ಗೋದಾವರಿ ಮುಖಜಭೂಮಿಯ ಇಂಥದ್ದೇ ಬೋಗುಣಿ. ಭಾರತದಲ್ಲಿ ಇಂಥ 26 ಬೇಸಿನ್‌ಗಳನ್ನು ಗುರುತಿಸಲಾಗಿದೆ.

ಸಾಮಾನ್ಯ ಅನಿಲ ನಿಕ್ಷೇಪದಲ್ಲಿ ಮೂರು ಪಾತ್ರಗಳು. ಅನಿಲ ಹುಟ್ಟುವ ಕಲ್ಲು ಒಂದು, ಅಲ್ಲಿಂದ ಮೇಲೇರಿ ಅದು ತುಂಬಿಕೊಳ್ಳುವ ರಂಧ್ರಗಳ ಮರಳುಗಲ್ಲೋ ಸುಣ್ಣಗಲ್ಲೋ ಇನ್ನೊಂದು, ಅದು ಸೋರಿಹೋಗದಂತೆ ಮೇಲೆ ಮುಚ್ಚಳ ಹಾಕಿದ ಕಲ್ಲು ಮತ್ತೊಂದು. ಬಾವಿ ಕೊರೆಯುವುದು ಎರಡನೆಯದಕ್ಕೆ. ಶೇಲ್ ಅನಿಲದಲ್ಲಿ ಮೂರೂ ಪಾತ್ರ ಒಂದೇ ಕಲ್ಲಿನದು. ಹುಟ್ಟಿದ ಅನಿಲದಲ್ಲಿ ಒಂದು ಪಾಲು ಹೊರಗೆ ಹೋಗಲಾರದೆ ಹುಟ್ಟಿದ ಕಲ್ಲಿನಲ್ಲೇ ಸಿಕ್ಕಿಬಿದ್ದಿರುತ್ತದೆ. ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣ ರಂಧ್ರಗಳಲ್ಲಿ ಸ್ವಲ್ಪ ಅನಿಲ ಬಿಡಿಯಾಗಿ ಇರುತ್ತದೆ, ಉಳಿದದ್ದು ಸಾವಯವ ಕಣಗಳ ಮೈಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡ ಪಾಲು ಕೆಲವೆಡೆ ಶೇ 20, ಕೆಲವೆಡೆ ಶೇ 80 ದಾಟುತ್ತದೆ. ಬಾವಿ ತೋಡಿದ ಹೊಸದರಲ್ಲಿ ಬಿಡಿ ಅನಿಲ ರಭಸದಿಂದ ಬಂದು, ಆಮೇಲೆ ಅಂಟಿದ್ದು ವರ್ಷಗಟ್ಟಲೆ ನಿಧಾನ ಬಿಡುಗಡೆಯಾಗುತ್ತದೆ. ಶೇಲ್ ಬಾವಿಗಳ ಉತ್ಪಾದನೆ ಮೊದಲ ವರ್ಷದಲ್ಲೇ ತೀವ್ರವಾಗಿ ಇಳಿದುಬಿಡುವುದಕ್ಕೆ ಇದೂ ಒಂದು ಕಾರಣ.

ಅನಿಲ ಕೂಡಿಬರಲು ಏನೇನು ಬೇಕು?

ಎಲ್ಲಕ್ಕಿಂತ ಮೊದಲು, ಹೂಳಿನ ಜೊತೆ ಜೀವಿಗಳ ಅವಶೇಷ ಸಾಕಷ್ಟು ಹೂತಿರಬೇಕು. ಪಾಚಿ, ಸೂಕ್ಷ್ಮಜೀವಿ, ಎಲೆ-ಕಾಂಡದ ಚೂರು ಏನೇ ಆಗಲಿ, ಅವು ಕೊಳೆತು ಹೋಗಬಾರದು. ಕೊಳೆಯಲು ಆಮ್ಲಜನಕ ಬೇಕು. ಆದ್ದರಿಂದ ಆಮ್ಲಜನಕ ತಲುಪದ, ನಿಂತ ನೀರಿನ ತಳವೇ ಒಳ್ಳೆಯ ಶೇಲ್‌ನ ತವರು. ಅಂಥ ಕಲ್ಲು ಸಾಮಾನ್ಯವಾಗಿ ಕಪ್ಪಗಿರುತ್ತದೆ. ಕಲ್ಲಿನ ತೂಕದಲ್ಲಿ ಸಾವಯವ ಇಂಗಾಲ ಶೇ 2ಕ್ಕಿಂತ ಹೆಚ್ಚಿದ್ದರೆ ಭೂವಿಜ್ಞಾನಿಗಳ ಕಿವಿ ನೆಟ್ಟಗಾಗುತ್ತದೆ, ಶೇ 1ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಕೈಬಿಡುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಈ ಉದ್ಯಮವನ್ನು ಹುಟ್ಟುಹಾಕಿದ ಬಾರ್ನೆಟ್ ಶೇಲ್‌ನಲ್ಲಿ ಈ ಪ್ರಮಾಣ ಸರಾಸರಿ ಶೇ 4ರ ಹತ್ತಿರ. ಕೆಂಪು, ಹಸಿರು, ನೇರಳೆ ಬಣ್ಣದ ಶೇಲ್ ಕಂಡರೆ ಅಲ್ಲಿ ಇಂಗಾಲ ಉಳಿದಿರುವ ಸಂಭವ ಕಡಿಮೆ. ಈ ಬಣ್ಣದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಭೀಮಾ ತೀರಕ್ಕೆ ಹೋದಾಗ ಬೇಕಾಗುತ್ತದೆ.

ಎರಡನೆಯದು ಬೇಯುವಿಕೆ. ಹೂತ ಸಾವಯವ ಪದಾರ್ಥ ನೇರವಾಗಿ ಅನಿಲವಾಗುವುದಿಲ್ಲ. ಮೊದಲು ಕೆರೋಜೆನ್ ಎಂಬ ಮೇಣದಂಥ ಘನವಸ್ತುವಾಗುತ್ತದೆ. ಆಳಕ್ಕೆ ಹೋದಂತೆ ಭೂಮಿ ಬಿಸಿಯಾಗುತ್ತದೆ, ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ. ಸುಮಾರು 60ರಿಂದ 120 ಡಿಗ್ರಿ ನಡುವೆ ಕೆರೋಜೆನ್ ತೈಲ ಬಿಡುತ್ತದೆ. ಅದಕ್ಕೂ ಮೇಲೆ ಹೋದರೆ ತೈಲವೂ ಮುರಿದು ಅನಿಲವಾಗುತ್ತದೆ. ಇನ್ನೂ ಬೆಂದರೆ ಕರಟುತ್ತದೆ. ಅನಿಲ ಹುಟ್ಟುವುದು ನಿಲ್ಲುತ್ತದೆ, ಇದ್ದದ್ದೂ ಹೋಗುತ್ತದೆ. ಕುಕ್ಕರ್ ಎಷ್ಟು ಕೂಗಿಸಬೇಕು ಎಂಬ ಲೆಕ್ಕವಿದ್ದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕೂಗಿನ ನಡುವಿನ ಅಂತರ ಕೋಟಿ ವರ್ಷ.

ಕಲ್ಲು ಎಷ್ಟು ಬೆಂದಿದೆ ಎಂದು ತಿಳಿಯಲು ಅದರಲ್ಲಿರುವ ವಿಟ್ರಿನೈಟ್ ಎಂಬ, ಮರಮಟ್ಟುಗಳಿಂದ ಬಂದ ಕಣಗಳ ಹೊಳಪನ್ನು ಸೂಕ್ಷ್ಮದರ್ಶಕದಡಿ ಅಳೆಯುತ್ತಾರೆ. ಬೆಂದಷ್ಟೂ ಹೊಳಪು ಹೆಚ್ಚು. ಬೀಳುವ ಬೆಳಕಿನಲ್ಲಿ ಶೇ 1.1-1.3ಕ್ಕಿಂತ ಹೆಚ್ಚು ಪ್ರತಿಫಲಿಸಿದರೆ ಅನಿಲದ ಹಂತ, ಶೇ 3ರ ಆಚೆ ಹೋದರೆ ಕರಟುವ ಹಂತ ಎಂಬುದು ಸ್ಥೂಲ ಲೆಕ್ಕ.

ಇದಕ್ಕೆ ದಪ್ಪ, ಆಳ ಸೇರಿಸಿ. ಸಮೃದ್ಧ ಶೇಲ್ ಪದರ ಕನಿಷ್ಠ ಮೂವತ್ತು ಮೀಟರ್ ದಪ್ಪವಾದರೂ ಇದ್ದರೆ ಲಾಭದ ಮಾತು. ಆಳ 1,000ದಿಂದ 5,000 ಮೀಟರ್ ನಡುವೆ ಇರಬೇಕು. ಅದಕ್ಕಿಂತ ಮೇಲಿದ್ದರೆ ಒತ್ತಡ ಸಾಲದೆ ಅನಿಲ ಸೋರಿಹೋಗಿರುತ್ತದೆ, ಕೆಳಗಿದ್ದರೆ ಕೊರೆಯುವ ಖರ್ಚು ಏರುತ್ತದೆ.

ಇಷ್ಟೆಲ್ಲ ಇದ್ದೂ ಸೋಲಬಹುದು. ಏಕೆಂದರೆ ಮರಳುಗಲ್ಲಿಗೆ ಹೋಲಿಸಿದರೆ ಶೇಲ್‌ನಲ್ಲಿ ಅನಿಲ ಹರಿಯುವ ಸಾಮರ್ಥ್ಯ ಲಕ್ಷಾಂತರ ಪಟ್ಟು ಕಡಿಮೆ. ಅಡ್ಡಡ್ಡ ಬಾವಿ ಕೊರೆದು, ಭಾರಿ ಒತ್ತಡದಲ್ಲಿ ನೀರು-ಮರಳು ನುಗ್ಗಿಸಿ ಕಲ್ಲನ್ನು ಬಿರುಕು ಬಿಡಿಸಲೇಬೇಕು. ಇದೇ ಫ್ರ್ಯಾಕಿಂಗ್. ಕಲ್ಲು ಹಪ್ಪಳದಂತೆ ಸಿಡಿದರೆ ಬಿರುಕು ಜಾಲವಾಗಿ ಹರಡುತ್ತದೆ. ಹಸಿ ಹಿಟ್ಟಿನಂತೆ ಮೆತ್ತಗಿದ್ದರೆ ಬಿರುಕು ಬಿಟ್ಟಷ್ಟೇ ಬೇಗ ಮುಚ್ಚಿಕೊಳ್ಳುತ್ತದೆ. ಸಿಡಿಯಬೇಕಾದರೆ ಕಲ್ಲಿನಲ್ಲಿ ಸ್ಫಟಿಕ ಶಿಲೆಯ ಕಣ, ಸುಣ್ಣದ ಅಂಶ ಹೆಚ್ಚಿರಬೇಕು, ಜೇಡಿ ಕಡಿಮೆಯಿರಬೇಕು. ಜೇಡಿಯಿಂದಲೇ ಆದ ಕಲ್ಲಿನಲ್ಲಿ ಜೇಡಿ ಕಡಿಮೆಯಿರಬೇಕೆಂಬ ಈ ಷರತ್ತು ವಿಚಿತ್ರವೆನಿಸಬಹುದು, ಆದರೆ ಅನೇಕ ದೇಶಗಳ ಆಸೆ ಮುಗ್ಗರಿಸಿದ್ದು ಇಲ್ಲೇ.

ಕೊನೆಯ ಷರತ್ತು ನೆಮ್ಮದಿ. ಅನಿಲ ಹುಟ್ಟಿದ ಮೇಲೆ ಆ ಪ್ರದೇಶ ಹೆಚ್ಚು ಅಲುಗಾಡಿರಬಾರದು. ಪದರ ಮಡಚಿ, ಸ್ತರಭಂಗವಾಗಿ ಸೀಳಿಹೋಗಿದ್ದರೆ ಆ ಸೀಳುಗಳಲ್ಲೇ ಅನಿಲ ಕೋಟ್ಯಂತರ ವರ್ಷಗಳ ಹಿಂದೆ ಗಾಳಿ ಸೇರಿರುತ್ತದೆ. ಮಟ್ಟಸವಾಗಿ ಹಾಸಿದ ವಿಶಾಲ ಪದರ ಸಿಕ್ಕರೆ ಅಡ್ಡ ಬಾವಿಯನ್ನು ಒಂದೆರಡು ಕಿಲೋಮೀಟರ್ ಅದರೊಳಗೇ ಓಡಿಸಬಹುದು. ತುಂಡು ತುಂಡಾದ ಪದರದಲ್ಲಿ ಅದು ಆಗದು.

ಪುಣೆಯ ಕೆಳಗೆ ಏನಿದೆ?

ಪುಣೆಯ ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರ ಗುಹಾ ದೇವಾಲಯವಿದೆ. ರಾಷ್ಟ್ರಕೂಟರ ಕಾಲದ್ದು, ಎಂಟನೇ ಶತಮಾನದ್ದು ಎನ್ನುತ್ತಾರೆ. ಅಲ್ಲಿನ ಕಂಬ ಮುಟ್ಟಿ ನೋಡಿ: ಕಪ್ಪು-ಬೂದು, ಬಿಗಿಯಾದ ಕಲ್ಲು. ಅದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ. ಸಿಂಹಗಡದ ಬೆಟ್ಟವೂ ಅದೇ, ಮಹಾಬಲೇಶ್ವರವೂ ಅದೇ, ನಮ್ಮ ವಿಜಯಪುರ, ಬೀದರ್ ಕಡೆಯ ಕಪ್ಪು ಮಣ್ಣಿನ ತಾಯಿಯೂ ಅದೇ. ಡೆಕ್ಕನ್ ಟ್ರ್ಯಾಪ್ ಎಂದು ಕರೆಯುವ ಈ ಲಾವಾ ಹಾಸು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ.

ಬಸಾಲ್ಟ್ ಅಗ್ನಿಶಿಲೆ. ಕರಗಿದ ಕಲ್ಲು ತಣ್ಣಗಾದದ್ದು. ಅದರಲ್ಲಿ ಜೀವಾವಶೇಷ ಇಲ್ಲ, ಕೆರೋಜೆನ್ ಇಲ್ಲ, ಅನಿಲ ಹುಟ್ಟುವ ಪ್ರಶ್ನೆಯೇ ಇಲ್ಲ. ಪುಣೆಯಲ್ಲಿ ಜಲಜ ಶಿಲೆ ಇರುವುದು ಕಾಲಡಿಯ ನೆಲದಾಳದಲ್ಲಲ್ಲ, ಹಳೆಯ ವಾಡೆಗಳ ಅಂಗಳದಲ್ಲಿ. ಅಲ್ಲಿ ಹಾಸಿರುವ 'ಶಹಾಬಾದಿ ಫರ್ಶಿ' ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಗಲ್ಲಿನ ಚಪ್ಪಡಿ!

ಸರಿ, ಬಸಾಲ್ಟಿನ ಕೆಳಗೆ? ಲಾವಾ ಬರುವ ಮೊದಲು ಅಲ್ಲಿ ಹಳೆಯ ಸಮುದ್ರವೋ ಸರೋವರವೋ ಇದ್ದು, ಅದರ ಶೇಲ್ ಈ ಕಪ್ಪು ಹೊದಿಕೆಯಡಿ ಸುರಕ್ಷಿತವಾಗಿರಬಹುದಲ್ಲ? ಇದು ಊಹೆಯ ಪ್ರಶ್ನೆಯಲ್ಲ. ಹೈಡ್ರೋಕಾರ್ಬನ್ ಮಹಾ ನಿರ್ದೇಶನಾಲಯದ 26 ಬೇಸಿನ್‌ಗಳ ಪಟ್ಟಿಯಲ್ಲಿ 'ಡೆಕ್ಕನ್ ಸಿನೆಕ್ಲೈಸ್' ಎಂಬ ಹೆಸರಿನಲ್ಲಿ ಈ ಲಾವಾ ಪ್ರದೇಶವೂ ಸೇರಿದೆ. ಸೌರಾಷ್ಟ್ರದಲ್ಲಿ ರಾಜಕೋಟ್ ಬಳಿಯ ಲೋಧಿಕಾದಲ್ಲಿ ಒಎನ್‌ಜಿಸಿ ಕೊರೆದ ಬಾವಿ ಬಸಾಲ್ಟ್ ದಾಟಿದ ಮೇಲೆ ಡೈನೋಸಾರ್ ಯುಗದ ಜಲಜ ಶಿಲೆಗಳನ್ನು ಮುಟ್ಟಿತ್ತು. ನರ್ಮದಾ-ತಾಪಿ ಕಡೆಯಲ್ಲೂ ಬಸಾಲ್ಟಿನಡಿ ದಪ್ಪ ಹೂಳಿನ ಪದರಗಳಿವೆ ಎಂಬುದಕ್ಕೆ ಭೂಭೌತ ಸಮೀಕ್ಷೆಗಳ ಆಧಾರವಿದೆ.

ಆದರೆ ಪುಣೆಯ ದಿಕ್ಕಿನಲ್ಲಿ ಸಿಕ್ಕ ಉತ್ತರ ಬೇರೆ. ಅದು ಸಿಕ್ಕಿದ್ದು ಅನಿಲ ಹುಡುಕಿದವರಿಂದಲ್ಲ, ಭೂಕಂಪ ಅಧ್ಯಯನ ಮಾಡಿದವರಿಂದ. 1993ರ ಸೆಪ್ಟೆಂಬರ್ 30ರ ನಸುಕಿನ ಲಾತೂರ್ ಭೂಕಂಪದ ನಂತರ ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊರೆದರು. 338 ಮೀಟರ್ ಬಸಾಲ್ಟ್, ಅದರಡಿ ಬರೀ 8 ಮೀಟರ್ ಹೂಳಿನ ಪದರ, ಆಮೇಲೆ ಗ್ರಾನೈಟ್ ಜಾತಿಯ ಪುರಾತನ ಬುನಾದಿ. ಪುಣೆಗೆ ದಕ್ಷಿಣದ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ 1967ರ ಭೂಕಂಪದ ಗುಟ್ಟು ತಿಳಿಯಲು ಕೊರೆದ ಮೊದಲ ಬಾವಿ 1,522 ಮೀಟರ್ ಇಳಿಯಿತು. 933 ಮೀಟರಿಗೆ ಬಸಾಲ್ಟ್ ಮುಗಿದು ನೇರವಾಗಿ ಗ್ರಾನೈಟ್ ಬಂತು. ನಡುವೆ ಜಲಜ ಶಿಲೆಯ ಪದರವೇ ಇಲ್ಲ. ಆಮೇಲೆ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿಯಲ್ಲೂ ಬಸಾಲ್ಟಿನಡಿ ಸಿಕ್ಕಿದ್ದು ಬುನಾದಿ ಶಿಲೆಯೇ. ಒಂದು ಕಡೆ ಎಂಟು ಮೀಟರ್, ಇನ್ನೊಂದು ಕಡೆ ಸೊನ್ನೆ. ಮೂವತ್ತು ಮೀಟರ್ ಸಮೃದ್ಧ ಶೇಲ್ ಬೇಕೆಂಬ ಷರತ್ತಿನ ಮುಂದೆ ಇಟ್ಟು ನೋಡಿದರೆ ಪಶ್ಚಿಮ ಮಹಾರಾಷ್ಟ್ರದಲ್ಲಿ ಯಾರೂ ಏಕೆ ಶೇಲ್ ಬಾವಿ ಕೊರೆಯುತ್ತಿಲ್ಲ ಎಂಬುದು ಅರ್ಥವಾಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಇದೇ ಬಸಾಲ್ಟ್ ಉತ್ತರಕ್ಕೆ, ಗುಜರಾತಿನ ಖಂಬಾತ್ ಬೇಸಿನ್‌ನಲ್ಲಿ ಆಳಕ್ಕೆ ಕುಸಿದು ಬೋಗುಣಿಯ ತಳವಾಗಿದೆ. ಅದರ ಮೇಲೆ ಸಮುದ್ರ ನುಗ್ಗಿ ಕೂರಿಸಿದ ಕಪ್ಪು ಶೇಲ್ ನೂರಾರು ಮೀಟರ್ ದಪ್ಪವಿದೆ. ಅಂಕಲೇಶ್ವರದ ತೈಲ ಹುಟ್ಟಿದ್ದು ಆ ಶೇಲ್‌ನಲ್ಲೇ. ಮುಂಬೈ ಹೈ ಕೂಡ ಬಸಾಲ್ಟಿನ ಮೇಲೆ ಕೂತ ಹೂಳಿನ ಫಲ. ಪುಣೆಯಲ್ಲಿ ಆ ಕಲ್ಲು ಎತ್ತರದಲ್ಲೇ ಉಳಿಯಿತು, ಅದರ ಮೇಲೆ ಹೂಳು ಕೂರಲಿಲ್ಲ. ಇದ್ದದ್ದೂ ಮಳೆಗೆ ಸವೆದು ಸಮುದ್ರ ಸೇರುತ್ತಿದೆ.

ಕರ್ನಾಟಕದ ಪಾಲೇನು?

ಪಾತಾಳೇಶ್ವರದಿಂದ ಬಾದಾಮಿಗೆ ಬನ್ನಿ. ಚಾಲುಕ್ಯರು ಆರನೇ ಶತಮಾನದಲ್ಲಿ ಗುಹೆ ಕೊರೆದದ್ದು ಕೆಂಪು ಮರಳುಗಲ್ಲಿನಲ್ಲಿ. ಅದು ಅಪ್ಪಟ ಜಲಜ ಶಿಲೆ. ಅಂದರೆ ಇಲ್ಲಿ ಒಂದು ಕಾಲಕ್ಕೆ ಬೋಗುಣಿ ಇತ್ತು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಹರಡಿರುವ ಕಲಾದಗಿ ಬೇಸಿನ್ ಹಾಗೂ ಕಲಬುರಗಿ, ಯಾದಗಿರಿ ಭಾಗದ ಭೀಮಾ ಬೇಸಿನ್ ಎರಡನ್ನೂ ಸೇರಿಸಿ 'ಭೀಮಾ-ಕಲಾದಗಿ' ಎಂಬ ಹೆಸರಿನಲ್ಲಿ ದೇಶದ 26ರ ಪಟ್ಟಿಗೆ ಹಾಕಿದ್ದಾರೆ. ಎರಡರಲ್ಲೂ ಶೇಲ್ ಪದರಗಳಿವೆ. ಎರಡೂ ಉತ್ತರಕ್ಕೆ ಹೋಗುತ್ತ ಬಸಾಲ್ಟಿನಡಿ ಮರೆಯಾಗುತ್ತವೆ. ಆದರೂ ಸರ್ಕಾರದ ವರ್ಗೀಕರಣದಲ್ಲಿ ಇವು ಮೂರನೇ, ಅಂದರೆ ಕೊನೆಯ ದರ್ಜೆಯಲ್ಲಿವೆ. ಭರವಸೆ ಇದ್ದರೂ ಇರಬಹುದು, ಶೋಧನೆಯಲ್ಲಿ ಏನೂ ದೃಢಪಟ್ಟಿಲ್ಲ ಎಂಬ ದರ್ಜೆ ಅದು.

ಭೀಮಾ ಬೇಸಿನ್‌ನದು ದಪ್ಪದ ಸಮಸ್ಯೆ. ಶಹಾಬಾದ್, ವಾಡಿ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣಗಲ್ಲು ಕೊಡುವ ಈ ಬೋಗುಣಿಯಲ್ಲಿ ಎಲ್ಲ ಪದರ ಕೂಡಿಸಿದರೂ ಸುಮಾರು 300 ಮೀಟರ್. ಅನಿಲಕ್ಕೆ ಸಾವಿರ ಮೀಟರ್ ಆಳ ಬೇಕು ಎಂದಾಗ ಇಡೀ ಬೋಗುಣಿಯೇ ಮೂರನೇ ಒಂದು ಪಾಲು. ಹೆಚ್ಚಿನ ಶೇಲ್‌ನ ಬಣ್ಣವೂ ಕೆಂಪು, ಹಸಿರು, ನೇರಳೆ. ಮೇಲೆ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಈ ಬೇಸಿನ್‌ನಿಂದ ಇಂಧನದ ಸುದ್ದಿ ಬಂದಿರುವುದು ಅನಿಲದ್ದಲ್ಲ, ಗೋಗಿಯ ಯುರೇನಿಯಂನದು.

ಕಲಾದಗಿಯಲ್ಲಿ ದಪ್ಪದ ಕೊರತೆ ಇಲ್ಲ. ಪದರಗಳು ಒಟ್ಟಾರೆ ಸಾವಿರಾರು ಮೀಟರ್. ಅಲ್ಲಿನ ತೊಡಕು ವಯಸ್ಸು ಮತ್ತು ಆಮೇಲೆ ಪಟ್ಟ ಪಾಡು. ಕೆಳಗಿನ ಬಾಗಲಕೋಟೆ ಗುಂಪಿನ ಶಿಲೆಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಆಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ನೀರಿನಲ್ಲಿದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಮರಗಳೇ ಇಲ್ಲದ ಕಾಲದ ಕಲ್ಲಿನಲ್ಲಿ ವಿಟ್ರಿನೈಟ್ ಕೂಡ ಸಿಗದು, ಎಷ್ಟು ಬೆಂದಿದೆ ಎಂದು ಅಳೆಯಲು ಬೇರೆ ದಾರಿ ಹಿಡಿಯಬೇಕು. ಬಾಗಲಕೋಟೆ ಗುಂಪಿನ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಚಿಯೂ ಇವೆ. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು ಮಟ್ಟಸವಾಗಿ ಕೂತಿರುವುದನ್ನು ಕಂಡರೆ, ನಡುವೆ ಎಷ್ಟೋ ಕಾಲ ಹಳೆಯ ಪದರ ಮೇಲೆದ್ದು ಸವೆಯುತ್ತಿತ್ತು ಎಂಬುದು ಗೊತ್ತಾಗುತ್ತದೆ. ಅನಿಲ ಹುಟ್ಟಿದ್ದರೂ ಅದು ಹೊರಗೆ ಹೋಗುವುದಕ್ಕೆ ಅಷ್ಟು ಹೊತ್ತು ಬಾಗಿಲು ತೆರೆದಿತ್ತು.

ವಯಸ್ಸಾಗಿದೆ ಎಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ ಎಂಬುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಬೀಟಲೂ ಬೇಸಿನ್‌ನಲ್ಲಿ ಸುಮಾರು 140 ಕೋಟಿ ವರ್ಷದ ವೆಲ್ಕೆರಿ ಶೇಲ್‌ನಿಂದ ಅನಿಲ ಬಂದಿದೆ. ಅಲ್ಲಿ ಪದರ ಮಡಚದೆ ಉಳಿದಿತ್ತು, ಇಂಗಾಲವೂ ಹೇರಳ. ನಮ್ಮಲ್ಲೇ ಮಧ್ಯಪ್ರದೇಶದ ದಮೋಹ್ ಜಿಲ್ಲೆಯ ಹಟ್ಟಾದಲ್ಲಿ ವಿಂಧ್ಯನ್ ಬೇಸಿನ್‌ನ ಪುರಾತನ ಶಿಲೆಯಿಂದ ಒಎನ್‌ಜಿಸಿಗೆ ಅನಿಲ ಸಿಕ್ಕಿದೆ. ಕಲಾದಗಿಗೆ ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವುದು ದುಡುಕು, ನಿಧಿ ಇದೆ ಎನ್ನುವುದು ಅದಕ್ಕಿಂತ ದೊಡ್ಡ ದುಡುಕು.

ದೇಶದ ಉಳಿದ ಕಡೆ?

ಭಾರತದ ನೆಲದಲ್ಲಿ ಶೇಲ್‌ನಿಂದ ಮೊದಲ ಬಾರಿ ಅನಿಲ ಹರಿದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ದುರ್ಗಾಪುರ ಸಮೀಪದ ಇಚ್ಛಾಪುರದಲ್ಲಿ. ದಾಮೋದರ ಕಣಿವೆಯ ಕಲ್ಲಿದ್ದಲು ಪದರಗಳ ನಡುವಿನ 'ಬ್ಯಾರನ್ ಮೆಷರ್ಸ್' ಎಂಬ ಶೇಲ್‌ಗೆ ಸುಮಾರು 1,700 ಮೀಟರ್ ಆಳದಲ್ಲಿ ಒಎನ್‌ಜಿಸಿ ಕೈಹಾಕಿತ್ತು. ಕಲ್ಲಿದ್ದಲಿಲ್ಲದ ಪದರವೆಂದು 'ಬಂಜೆ' ಎಂಬ ಹೆಸರು ಪಡೆದ ಕಲ್ಲಿನಿಂದಲೇ ಅನಿಲ ಬಂದದ್ದು ತಮಾಷೆ. 2013ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾಗೆ ಶೇಲ್ ಶೋಧನೆಯ ನೀತಿ ರೂಪಿಸಿತು. ಮೊದಲ ಹಂತದಲ್ಲಿ 56 ಬ್ಲಾಕ್. 2018ರ ಆಗಸ್ಟ್‌ನಲ್ಲಿ ಖಾಸಗಿ ಕಂಪನಿಗಳಿಗೂ ತಮ್ಮ ಹಳೆಯ ಬ್ಲಾಕ್‌ಗಳಲ್ಲೇ ಶೇಲ್ ಹುಡುಕಲು ಅವಕಾಶ ಸಿಕ್ಕಿತು. ಖಂಬಾತ್, ದಾಮೋದರ, ಕೃಷ್ಣಾ-ಗೋದಾವರಿ, ಕಾವೇರಿ ಬೇಸಿನ್‌ಗಳು ಮುಂಚೂಣಿಯಲ್ಲಿದ್ದವು. ಆದರೆ ವಾಣಿಜ್ಯ ಪ್ರಮಾಣದ ಉತ್ಪಾದನೆ ಇಂದಿಗೂ ಆರಂಭವಾಗಿಲ್ಲ.

ಕಾರಣ ಮೇಲಿನ ಷರತ್ತುಗಳಲ್ಲೇ ಇದೆ. ಖಂಬಾತ್‌ನ ಶೇಲ್ ದಪ್ಪ, ಬಿಸಿ, ಇಂಗಾಲ ಎಲ್ಲದರಲ್ಲೂ ಉತ್ತೀರ್ಣ. ಆದರೆ ಜೇಡಿ ಜಾಸ್ತಿ, ಜೊತೆಗೆ ನೆಲ ಬಿರಿದು ಕುಸಿದ ಬೋಗುಣಿಯಾದ್ದರಿಂದ ಸ್ತರಭಂಗಗಳು ವಿಪರೀತ. ದಾಮೋದರದ ಶೇಲ್ ಸಮುದ್ರದ್ದಲ್ಲ, ಕಾಡು-ಕೆಸರಿನದು. ಸಸ್ಯಜನ್ಯ ಕೆರೋಜೆನ್ ಅನಿಲ ಕೊಟ್ಟರೂ ಪ್ರಮಾಣದಲ್ಲಿ ಕಡಿಮೆ, ಪದರಗಳೂ ತುಂಡು ತುಂಡು. ಕೆ.ಜಿ. ಮತ್ತು ಕಾವೇರಿಯಲ್ಲಿ ಒಳ್ಳೆಯ ಶೇಲ್ ಕಿರಿದಾದ ಕಂದಕಗಳಲ್ಲಿ ಹಂಚಿಹೋಗಿದೆ. ಅಮೆರಿಕದಲ್ಲಿ ಜಿಲ್ಲೆಗಟ್ಟಲೆ ಒಂದೇ ಹಾಸಿನಂತೆ ಸಿಗುವ ಭಾಗ್ಯ ಇಲ್ಲಿಲ್ಲ.

ಲಕ್ಷ ಕೋಟಿ ಘನ ಅಡಿಗಳನ್ನು ಓದುವುದು ಹೇಗೆ?

'ಭಾರತದಲ್ಲಿ ಶೇಲ್ ಅನಿಲದ ಮಹಾ ಖಜಾನೆ' ಎಂಬ ಶೀರ್ಷಿಕೆ ನೀವು ಓದಿರುತ್ತೀರಿ. ದೊಡ್ಡ ಸಂಖ್ಯೆ ಸಿಕ್ಕರೆ ಅದನ್ನೇ ಮೇಲೆ ಹಾಕುವ ಚಪಲ ಸುದ್ದಿಮನೆಯಲ್ಲಿ ನಮಗೂ ಇದೆ, ಒಪ್ಪಿಕೊಳ್ಳೋಣ. ಅಮೆರಿಕದ ಇಂಧನ ಮಾಹಿತಿ ಆಡಳಿತ 2013ರಲ್ಲಿ ಭಾರತದ ನಾಲ್ಕು ಬೇಸಿನ್‌ಗಳಲ್ಲಿ 584 ಲಕ್ಷ ಕೋಟಿ ಘನ ಅಡಿ ಅನಿಲವಿದೆ ಎಂದು ಅಂದಾಜಿಸಿತು. ಅದೇ ವರದಿಯಲ್ಲಿ, ತಾಂತ್ರಿಕವಾಗಿ ಹೊರತೆಗೆಯಬಹುದಾದದ್ದು 96 ಲಕ್ಷ ಕೋಟಿ ಎಂದೂ ಇತ್ತು. ಅಮೆರಿಕದ್ದೇ ಇನ್ನೊಂದು ಸಂಸ್ಥೆ, ಭೂವೈಜ್ಞಾನಿಕ ಸಮೀಕ್ಷೆ, ಮೂರು ಬೇಸಿನ್‌ಗಳಿಗೆ ಕೊಟ್ಟ ಲೆಕ್ಕ ಬರೀ 6.1 ಲಕ್ಷ ಕೋಟಿ. ದೇಶದ ಈಗಿನ ಬಳಕೆ ವರ್ಷಕ್ಕೆ ಎರಡೂವರೆ ಲಕ್ಷ ಕೋಟಿ ಘನ ಅಡಿಯ ಆಸುಪಾಸು. ಒಬ್ಬರ ಲೆಕ್ಕದಲ್ಲಿ ನಾಲ್ಕು ದಶಕಕ್ಕೆ ಸಾಕು, ಇನ್ನೊಬ್ಬರ ಲೆಕ್ಕದಲ್ಲಿ ಮೂರು ವರ್ಷಕ್ಕೂ ಸಾಲದು.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಲ್ಲಿನಲ್ಲಿ ಇರುವುದು ಒಂದು, ತೆಗೆಯಬಹುದಾದದ್ದು ಇನ್ನೊಂದು, ಲಾಭಕ್ಕೆ ತೆಗೆಯಬಹುದಾದದ್ದು ಮತ್ತೊಂದು. ಯಾವ ಬೇಸಿನ್ ಸೇರಿಸಿದರು, ಯಾವ ಷರತ್ತು ಬಿಗಿ ಮಾಡಿದರು ಎಂಬುದರ ಮೇಲೆ ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ. ಪೋಲೆಂಡ್ ಇದರ ಪಾಠ ಕಲಿತ ದೇಶ. 2011ರಲ್ಲಿ ಅಲ್ಲಿಗೆ 187 ಲಕ್ಷ ಕೋಟಿ ಘನ ಅಡಿಯ ಅಂದಾಜು ಬಂದು ದೊಡ್ಡ ಕಂಪನಿಗಳೆಲ್ಲ ಧಾವಿಸಿದವು. ಮರುವರ್ಷ ಅಲ್ಲಿನ ಭೂವೈಜ್ಞಾನಿಕ ಸಂಸ್ಥೆಯೇ ಅದನ್ನು ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿಸಿತು. ಎಕ್ಸಾನ್‌ಮೊಬಿಲ್ 2012ರಲ್ಲೇ ಹೊರನಡೆಯಿತು, ಉಳಿದವರು ಹಿಂಬಾಲಿಸಿದರು. ಅದೇ 2012ರಲ್ಲಿ ಚೀನಾದ ಫುಲಿಂಗ್‌ನಲ್ಲಿ ಮೊದಲ ದೊಡ್ಡ ಯಶಸ್ಸು ಸಿಕ್ಕಿತು. ಅಲ್ಲಿನ ಲಾಂಗ್‌ಮಾಕ್ಸಿ ಶೇಲ್ ಸಮುದ್ರದ್ದು, ಸಿಡಿಯುವಂಥದ್ದು, ಒಳಗಿನ ಒತ್ತಡವೂ ಹೆಚ್ಚು.

ನೀರಿನ ಲೆಕ್ಕ

ಕಲ್ಲು ಒಪ್ಪಿದರೂ ನೆಲದ ಮೇಲಿನ ಜನ ಒಪ್ಪಬೇಕು. ಅಮೆರಿಕದಲ್ಲಿ ಒಂದು ಅಡ್ಡ ಬಾವಿಯ ಫ್ರ್ಯಾಕಿಂಗ್‌ಗೆ ಸುಮಾರು ಒಂದೂವರೆಯಿಂದ ಎರಡು ಕೋಟಿ ಲೀಟರ್ ನೀರು ಹೋಗುತ್ತದೆ. ಬೇಸಿಗೆಯಲ್ಲಿ ಪುಣೆಯ ಅಪಾರ್ಟ್‌ಮೆಂಟ್‌ಗಳ ಮುಂದೆ ಸಾಲುಗಟ್ಟುವ 10 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 1,500ರಿಂದ 2,000 ಟ್ಯಾಂಕರ್, ಅದೂ ಒಂದೇ ಬಾವಿಗೆ. ಉತ್ಪಾದನೆ ಬೇಗ ಇಳಿಯುವುದರಿಂದ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಒಳಗೆ ಹೋದ ನೀರಿನಲ್ಲಿ ಒಂದಷ್ಟು ಉಪ್ಪು, ರಾಸಾಯನಿಕ ಹೊತ್ತು ಮೇಲೆ ಬರುತ್ತದೆ, ಅದನ್ನು ಶುದ್ಧ ಮಾಡಿಯೇ ವಿಲೇವಾರಿ ಮಾಡಬೇಕು.

ನಮ್ಮ ಶೇಲ್ ಬೇಸಿನ್‌ಗಳ ಮೇಲಿರುವುದು ಖಾಲಿ ಬಯಲಲ್ಲ. ಕೃಷ್ಣಾ-ಗೋದಾವರಿ ಮುಖಜಭೂಮಿಯ ಭತ್ತದ ಗದ್ದೆ, ದಾಮೋದರದ ಗಣಿ ಪಟ್ಟಣಗಳು, ಕಾವೇರಿಯ ತಂಜಾವೂರು. ಕೊಡಗಿನಿಂದ ಹೊರಟ ನೀರು ಕೊನೆಗೆ ಉಣಿಸುವ ಆ ಮುಖಜಭೂಮಿಯನ್ನು ತಮಿಳುನಾಡು ಸರ್ಕಾರ 2020ರ ಫೆಬ್ರುವರಿಯಲ್ಲಿ ಕಾಯ್ದೆ ಮಾಡಿ ಸಂರಕ್ಷಿತ ವಿಶೇಷ ಕೃಷಿ ವಲಯವೆಂದು ಘೋಷಿಸಿತು. ತೈಲ, ನೈಸರ್ಗಿಕ ಅನಿಲ, ಕಲ್ಲಿದ್ದಲು ಮೀಥೇನ್‌ಗಳ ಜೊತೆ ಶೇಲ್ ಅನಿಲದ ಹೊಸ ಶೋಧನೆ, ಕೊರೆತಕ್ಕೂ ಅಲ್ಲಿ ಈಗ ನಿಷೇಧವಿದೆ.